ಅಕಿತಾ: ಕೆಡಿಸಿ ಮತ್ತೆ ಕಟ್ಟಿದ ತಳಿ

ಬೇಟೆನಾಯಿಯನ್ನು ಊರಿನ ಹೆಸರಿನಿಂದಲೇ ಗುರುತಿಸುವ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ, ಜಪಾನಿನ ಒಂದು ನಾಯಿಯೂ ತನ್ನ ಸೀಮೆಯ ಹೆಸರನ್ನೇ ಹೊತ್ತಿದೆ ಎಂಬುದು ವಿಶೇಷವೆನಿಸಲಾರದು. ಆದರೆ ಅಕಿತಾ ನಾಯಿಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮುಖ್ಯವೆನಿಸಿದ್ದು ಬೇರೆ. ಜಪಾನಿನ ಪ್ರಾಚೀನ ತಳಿಯೆಂದು ನಾವು ಚಿತ್ರಗಳಲ್ಲಿ ನೋಡುವ ಈ ನಾಯಿಯ ಇಂದಿನ ರೂಪವು ಕಾಲದಿಂದ ಕಾಲಕ್ಕೆ ಹಾಗೆಯೇ ಉಳಿದುಬಂದದ್ದಲ್ಲ. ಒಮ್ಮೆ ಕೆಟ್ಟು, ಇನ್ನೊಮ್ಮೆ ಕೆಟ್ಟು, ಹಟ ಹಿಡಿದ ಕೆಲವರ ಕೈಯಲ್ಲಿ ಮತ್ತೆ ರೂಪುಗೊಂಡದ್ದು.

ಹೊನ್ಶೂ ದ್ವೀಪದ ಉತ್ತರ ಭಾಗದಲ್ಲಿರುವ ಅಕಿತಾ ಪ್ರಾಂತ್ಯವು ಗುಡ್ಡಗಾಡಿನ, ಹಿಮ ದಟ್ಟವಾಗಿ ಬೀಳುವ ಸೀಮೆ. ಅಲ್ಲಿನ ಮತಾಗಿ ಎಂಬ ಸಾಂಪ್ರದಾಯಿಕ ಬೇಟೆಗಾರರು ಕರಡಿಯಂಥ ಪ್ರಾಣಿಗಳ ಬೇಟೆಗೆ ಒಯ್ಯುತ್ತಿದ್ದ ನಾಯಿ ಮಧ್ಯಮ ಗಾತ್ರದ್ದಾಗಿತ್ತು. ಅದೇ ಪ್ರಾಂತ್ಯದ ಒದಾತೆ ಪಟ್ಟಣದ ಸುತ್ತ ನಾಯಿ ಕಾಳಗದ ಗೀಳು ಬೆಳೆದ ಮೇಲೆ ಜನರಿಗೆ ದೊಡ್ಡ ಮೈಯ ನಾಯಿ ಬೇಕಾಯಿತು. 1868ರ ನಂತರ ಇದನ್ನು ಜಪಾನಿನದೇ ಕಾಳಗದ ತಳಿಯಾದ ತೋಸಾ ನಾಯಿಯೊಂದಿಗೂ ಯುರೋಪಿನ ಮ್ಯಾಸ್ಟಿಫ್ ಜಾತಿಯೊಂದಿಗೂ ಸಂಕರ ಮಾಡಿದರು. ಮೈಯೇನೋ ಬೆಳೆಯಿತು, ಆದರೆ ನೆಟ್ಟಗಿನ ಕಿವಿ, ಬೆನ್ನ ಮೇಲೆ ಸುರುಳಿಗೊಂಡ ಬಾಲ ಮುಂತಾದ ಮೂಲ ಲಕ್ಷಣಗಳು ಮಾಯವಾಗತೊಡಗಿದವು. 1908ರಲ್ಲಿ ಕಾಳಗ ನಿಷೇಧವಾಯಿತು. 1927ರಲ್ಲಿ ಒದಾತೆಯಲ್ಲೇ ಈ ತಳಿಯ ರಕ್ಷಣೆಗೆಂದು ಒಂದು ಸಂಘ ಹುಟ್ಟಿತು. 1931ರಲ್ಲಿ ಆಯ್ದ 9 ನಾಯಿಗಳನ್ನು ಸರ್ಕಾರವು ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ನಾವು ಬಾದಾಮಿಯ ಗುಹೆಗಳಿಗೆ ಕೊಡುವಂಥ ಮನ್ನಣೆಯನ್ನು ಅವರು ನಾಯಿಗೂ ಕೊಟ್ಟರು.

ಆ ಮನ್ನಣೆ ಯುದ್ಧಕಾಲದಲ್ಲಿ ನಾಯಿಯನ್ನು ಕಾಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಉಡುಪಿಗಾಗಿ ನಾಯಿಗಳ ತುಪ್ಪಳವನ್ನು ಬಳಸಿದರು. ಸೈನ್ಯಕ್ಕೆ ಬೇಕಾದ ಜರ್ಮನ್ ಶೆಫರ್ಡ್ ಹೊರತಾಗಿ ಉಳಿದವನ್ನು ಹಿಡಿದು ತರಲು ಪೊಲೀಸರಿಗೆ ಆಜ್ಞೆಯಾಗಿತ್ತು. ಇದರಿಂದ ಪಾರಾಗಲು ಕೆಲವರು ತಮ್ಮ ಅಕಿತಾಗಳನ್ನು ಶೆಫರ್ಡ್ ಜೊತೆಗೇ ಸಂಕರ ಮಾಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಉಳಿದಿದ್ದ ಕೆಲವೇ ನಾಯಿಗಳಲ್ಲಿ ಮತಾಗಿ, ಕಾಳಗ ಮತ್ತು ಶೆಫರ್ಡ್ ಎಂಬ ಮೂರು ಬಗೆಗಳು ಕಲಸಿಹೋಗಿದ್ದವು. ಅಮೆರಿಕದ ಸೈನಿಕರು ಊರಿಗೆ ಒಯ್ದ, ಶೆಫರ್ಡ್ ಛಾಯೆಯ ದಪ್ಪ ನಾಯಿಗಳಿಂದ ಇಂದಿನ ಅಮೆರಿಕನ್ ಅಕಿತಾ ಬೆಳೆಯಿತು. ಜಪಾನಿನ ತಳಿಗಾರರು ಅದನ್ನು ಒಪ್ಪದೆ, ಮತಾಗಿ ವಂಶದ ನಾಯಿಗಳನ್ನು ಮತ್ತೆ ಮತ್ತೆ ಬೆರೆಸಿ ಪರಕೀಯ ಲಕ್ಷಣಗಳನ್ನು ಹೊರದಬ್ಬಿದರು. ಇವೆರಡೂ ಈಗ ಬೇರೆ ಬೇರೆ ತಳಿಗಳೆಂದೇ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಪರಿಗಣಿಸುತ್ತದೆ. ಅಂತರ್ಜಾಲದ ಜಾಹೀರಾತುಗಳಲ್ಲಿ ಎರಡಕ್ಕೂ ಒಂದೇ ಹೆಸರು ಹಚ್ಚಿ ಮಾರುವುದನ್ನು ನೋಡಿದರೆ, ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎನ್ನಬೇಕು.

ಜಪಾನಿನ ಅಕಿತಾದ ಗಂಡು ಭುಜದವರೆಗೆ ಸುಮಾರು 67 ಸೆಂಟಿಮೀಟರ್, ಹೆಣ್ಣು 61 ಸೆಂಟಿಮೀಟರ್ ಎತ್ತರವಿರಬೇಕೆಂಬುದು ನಿಯಮ. ಮೂರು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ. ಅಗಲವಾದ ಹಣೆ, ದಪ್ಪನೆಯ, ಚಿಕ್ಕ ತ್ರಿಕೋನಾಕಾರದ, ನೆಟ್ಟಗೆ ನಿಂತು ತುಸು ಮುಂದಕ್ಕೆ ವಾಲಿದ ಕಿವಿಗಳು, ಹೊರಕೊನೆ ಮೇಲಕ್ಕೇರಿರುವುದರಿಂದ ತ್ರಿಕೋನದಂತೆಯೇ ಕಾಣುವ ಸಣ್ಣ ಕಣ್ಣುಗಳು, ಬೆನ್ನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡ ದಪ್ಪ ಬಾಲ. ಕೆಂಪು ಛಾಯೆ, ಎಳ್ಳುಬಣ್ಣ (ಕೆಂಪು ಕೂದಲಿಗೆ ಕಪ್ಪು ತುದಿ), ಪಟ್ಟೆಬಣ್ಣ ಮತ್ತು ಬಿಳಿ ಮಾತ್ರ ಒಪ್ಪಿತ ಬಣ್ಣಗಳು. ಬಿಳಿಯದರ ಹೊರತು ಉಳಿದವುಗಳ ಕೆನ್ನೆ, ಗದ್ದ, ಎದೆ, ಹೊಟ್ಟೆ ಮತ್ತು ಕಾಲಿನ ಒಳಬದಿ ಬೆಳ್ಳಗಿರಲೇಬೇಕು. ಇದನ್ನು ಅಲ್ಲಿನವರು ಉರಾಜಿರೋ ಎನ್ನುತ್ತಾರೆ. ಅಮೆರಿಕನ್ ತಳಿಯಲ್ಲಿ ಸಾಮಾನ್ಯವಾದ ಕಪ್ಪು ಮುಖ ಇಲ್ಲಿ ದೋಷ.

ಸ್ವಭಾವದ ವಿಷಯಕ್ಕೆ ಬಂದರೆ ಹಾಚಿಕೋ ಎಂಬ ಹೆಸರಾಂತ ಅಕಿತಾ ಅಡ್ಡ ಬರುತ್ತದೆ. 1923ರಲ್ಲಿ ಒದಾತೆಯಲ್ಲಿ ಹುಟ್ಟಿದ ಆ ನಾಯಿಯ ಯಜಮಾನ, ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಿದೆಸಾಬುರೋ ಉಯೆನೊ, 1925ರ ಮೇ ತಿಂಗಳಲ್ಲಿ ತೀರಿಕೊಂಡರು. 1935ರ ಮಾರ್ಚ್‌ನಲ್ಲಿ ಸಾಯುವವರೆಗೂ ಹಾಚಿಕೋ ಅವರ ದಾರಿ ಕಾಯುತ್ತ ಟೋಕಿಯೊದ ಶಿಬುಯಾ ರೈಲು ನಿಲ್ದಾಣಕ್ಕೆ ಬರುತ್ತಲೇ ಇತ್ತು. 1932ರಲ್ಲಿ ಪತ್ರಿಕೆಯಲ್ಲಿ ಸುದ್ದಿಯಾಗುವವರೆಗೆ ನಿಲ್ದಾಣದಲ್ಲಿ ಅದನ್ನು ಗದರಿಸಿ ಅಟ್ಟುವವರೂ ಇದ್ದರಂತೆ. ಎರಡೇ ವರ್ಷಗಳಲ್ಲಿ ಅದು ಬದುಕಿರುವಾಗಲೇ ಪ್ರತಿಮೆ ಎದ್ದಿತು. ಈ ಕಥೆಯನ್ನು ಕೇಳಿದವರು ಅಕಿತಾ ಎಂದರೆ ಎಲ್ಲರನ್ನೂ ಪ್ರೀತಿಸುವ ಸಾಧು ನಾಯಿ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದರ ನಿಷ್ಠೆ ಮನೆಯವರಿಗೆ ಮಾತ್ರ ಮೀಸಲು. ಹೊರಗಿನವರೊಂದಿಗೆ ಬಿಗುಮಾನ, ಕಡಿಮೆ ಬೊಗಳುವಿಕೆ, ತನ್ನದೇ ಲಿಂಗದ ಇತರ ನಾಯಿಗಳ ಬಗ್ಗೆ ಅಸಹನೆ, ಹೇಳಿದ ತಕ್ಷಣ ಕೇಳದ ಸ್ವತಂತ್ರ ಬುದ್ಧಿ ಇವೆಲ್ಲ ಅದರ ಗುಣಗಳೇ. ಕರಡಿಯೆದುರು ತಾನೇ ನಿರ್ಧಾರ ಮಾಡಬೇಕಿದ್ದ ನಾಯಿಯಲ್ಲಿ ಇದು ಸಹಜ. ಬೀದಿನಾಯಿಗಳು ಗುಂಪುಗುಂಪಾಗಿ ತಿರುಗುವ ನಮ್ಮ ಓಣಿಗಳಲ್ಲಿ ಅದನ್ನು ಸರಪಳಿ ಹಿಡಿದು ಅಡ್ಡಾಡಿಸುವುದು ಸುಲಭದ ಮಾತಲ್ಲ.

ನವನಗರದ ಪರಿಚಯದ ಹುಡುಗನೊಬ್ಬ, "ಸರ, ನಮ್ಮ ಬಿಸಲಿಗೆ ಇದು ತಾಳ್ತೈತೇನ್ರಿ?" ಎಂದು ಕೇಳಿದ. ಹೊರಗೆ ಒರಟು ನೇರ ಕೂದಲು, ಒಳಗೆ ಒತ್ತಾದ ಮೆತ್ತನೆಯ ತುಪ್ಪಳ ಎಂಬ ಎರಡು ಪದರ ಹಿಮಕ್ಕೆ ಹೇಳಿ ಮಾಡಿಸಿದ್ದು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಬಾಗಲಕೋಟೆಯಲ್ಲಿ ಹಗಲಿಡೀ ತಂಪಾದ ಕೋಣೆ ಬೇಕು, ನಡಿಗೆ ಬೆಳಕು ಹರಿಯುವ ಮುಂಚೆ ಇಲ್ಲವೇ ರಾತ್ರಿ ಆಗಬೇಕು. ಬಿಸಿಲೆಂದು ಮೈ ಬೋಳಿಸುವುದು ಪರಿಹಾರವಲ್ಲ, ಅದರಿಂದ ಚರ್ಮಕ್ಕೆ ಕೇಡು. ಕಣ್ಣು ಮತ್ತು ಚರ್ಮವನ್ನು ಬಾಧಿಸುವ, ದೇಹವೇ ತನ್ನ ಮೇಲೆ ತಿರುಗಿಬೀಳುವಂಥ ರೋಗಗಳೂ ಈ ತಳಿಯಲ್ಲಿ ಕಾಣುವುದರಿಂದ, ಮರಿಯ ತಂದೆತಾಯಿಗಳ ಆರೋಗ್ಯ ವಿಚಾರಿಸದೆ ಹಣ ಕೊಡಬಾರದು. ಇಷ್ಟನ್ನೂ ಹೇಳಿ, ಬಯಲಿನಲ್ಲಿ ಮೊಲದ ಬೆನ್ನಟ್ಟಲೆಂದೇ ಬೆಳೆದ ತೆಳುಮೈಯ, ಗಿಡ್ಡ ಕೂದಲಿನ ಮುಧೋಳ ನಾಯಿಯನ್ನು ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ನೋಡಿ ಬಾ ಎಂದೆ. ಅವನು ಅಕಿತಾದ ಫೋಟೊವನ್ನೇ ಇನ್ನೊಮ್ಮೆ ತೋರಿಸಿದ.