ಹೌದು, ಸ್ಪ್ಯಾನಿಷ್‌ನಲ್ಲಿ ಪಾಯಸ ಕೇಳೋಕೆ ಬರುತ್ತೆ

“ಸ್ಪ್ಯಾನಿಷ್ ಬರುತ್ತಂತಲ್ಲ, ಎಲ್ಲಿ, ಹೋಟೆಲಲ್ಲಿ ನಿಂಗಿಷ್ಟದ ಸ್ವೀಟ್ ಆರ್ಡರ್ ಮಾಡು ನೋಡೋಣ!”

ಚಿಕ್ಕಮಗಳೂರಲ್ಲಿ ನನಗೆ ಈ ಪ್ರಶ್ನೆ ಇನ್ನೂ ಕೇಳದೆ ಉಳಿದವರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನ ಓದಿಕೊಂಡು ಸುಮ್ಮನಾಗಿ. ಉತ್ತರ ಇಷ್ಟೇ: “ದೆ ಪೋಸ್ತ್ರೆ, ಅರ್ರೋತ್ ಕೋನ್ ಲೇಚೆ, ಪೋರ್ ಫಾಬೋರ್.” ಊಟದ ಕೊನೆಗೆ ನನಗೆ ಹಾಲಲ್ಲಿ ಬೇಯಿಸಿದ ಅಕ್ಕಿಯ ಸಿಹಿ ಕೊಡಿ ಅಂತ. ಆಯ್ತಾ? ಇಷ್ಟಕ್ಕೆ ಜನ ಮದುವೆಮನೇಲಿ ಕೈ ಹಿಡಿದು ನಿಲ್ಲಿಸ್ತಾರೆ.

ನಿಜವಾಗ್ಲೂ ನಿಲ್ಲಿಸಿದ್ರು. ನೆಂಟರ ರಿಸೆಪ್ಷನ್‌ನಲ್ಲಿ ದೂರದ ಮಾವ ಒಬ್ರು ನನ್ನನ್ನ ಐಸ್‌ಕ್ರೀಂ ಕೌಂಟರ್ ಮುಂದೆ ನಿಲ್ಲಿಸಿ, ಸುತ್ತ ಇದ್ದೋರನ್ನೆಲ್ಲ ಕರೆದು, ಬಡಿಸೋ ಹುಡುಗನಿಗೆ “ಇವಳು ಸ್ಪ್ಯಾನಿಷಲ್ಲಿ ಕೇಳ್ತಾಳೆ, ಅರ್ಥ ಆದ್ರೆ ಮಾತ್ರ ಕೊಡು” ಅಂದ್ರು. ಪರೀಕ್ಷೆ ನನಗೋ ತನಗೋ ಗೊತ್ತಾಗದೆ ಆ ಹುಡುಗ ಸ್ಕೂಪ್ ಹಿಡ್ಕೊಂಡು ನಿಂತಿದ್ದ. ನಾನು ಹೇಳಿದೆ. ಅವನು ತುಂಬ ವಿನಯದಿಂದ “ಬಟರ್‌ಸ್ಕಾಚಾ ಅಕ್ಕ?” ಅಂದ. ಎಲ್ರೂ ಬಿದ್ದು ಬಿದ್ದು ನಕ್ರು. “ನೋಡಿದ್ಯಾ, ಏನು ಪ್ರಯೋಜನ?” ಅಂದ್ರು ಮಾವ. ಅವರ ಮಗ ಸಿ.ಎ. ಮಾಡಿದಾನೆ. ಅವನನ್ನ ಯಾರೂ ಸಾಂಬಾರ್ ಬಕೆಟ್ ಪಕ್ಕ ನಿಲ್ಲಿಸಿ “ಎಲ್ಲಿ, ಒಂದು ಆಡಿಟ್ ಮಾಡು” ಅನ್ನಲ್ಲ.

ಪ್ರಯೋಜನ ಬೇಕಾದ್ರೆ ಕೇಳಿ: ಆ ಭಾಷೆಯ ಗ್ರಾಹಕರ ದೂರುಗಳಿಗೆ ಮನೇಲಿ ಕೂತು ಉತ್ತರ ಬರೆಯೋದೇ ನನ್ನ ಸಂಬಳ. “ಮಲೆನಾಡಲ್ಲಿ ಸ್ಪ್ಯಾನಿಷ್ ಯಾಕೆ” ಅನ್ನೋ ಈ ಮಾವನ ತೋಟದ ತುಂಬ ಚಂದ್ರಗಿರಿ ಗಿಡ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 2007ರಲ್ಲಿ ಬಿಡುಗಡೆ ಮಾಡಿದ ತಳಿ, ಅದರ ಮೂಲದಲ್ಲಿರೋ ಕಾಫಿ ತಳಿಗಳಲ್ಲಿ ಒಂದು, ಸ್ಪ್ಯಾನಿಷ್ ಮಾತಾಡೋ ಕೋಸ್ಟರಿಕಾದ ವಿಲ್ಲಾ ಸಾರ್ಚಿ. ಗಿಡ ಸ್ಪ್ಯಾನಿಷ್ ಸೀಮೆಯಿಂದ ಬಂದ್ರೆ ಇಳುವರಿ ಎಷ್ಟು ಅಂತ ವಿಚಾರಿಸ್ತಾರೆ, ಸೊಸೆ ಸ್ಪ್ಯಾನಿಷ್ ಮಾತಾಡಿದ್ರೆ ನಗು.

ಇರಲಿ. ನನಗೆ ರೇಗೋದು ಪ್ರಶ್ನೆ ದಡ್ಡತನದ್ದು ಅಂತಲ್ಲ. ಆರ್ಡರ್ ಮಾಡೋದು ಕಷ್ಟ ಅಂತ ಎಲ್ರೂ ನಂಬಿದಾರಲ್ಲ, ಅದಕ್ಕೆ. ಕೇಳೋದನ್ನ ಯಾರು ಬೇಕಾದ್ರೂ ಬಾಯಿಪಾಠ ಮಾಡಬಹುದು. ಕಷ್ಟ ಇರೋದು ಆಮೇಲೆ. ಮ್ಯಾಡ್ರಿಡ್‌ನ ಸಾಧಾರಣ ಊಟದ ಹೋಟೆಲಲ್ಲಿ ಮಧ್ಯಾಹ್ನ ಒಂದೇ ದರದ ಊಟ ಸಿಗುತ್ತೆ, ಮೆನು ದೆಲ್ ದಿಯಾ. 1960ರ ದಶಕದಲ್ಲಿ ಪ್ರವಾಸಿಗರಿಗೆ ಅಂತ ಸರ್ಕಾರವೇ ಶುರುಮಾಡಿಸಿದ ಏರ್ಪಾಡಿನಿಂದ ಬಂದಿದ್ದು, ಈಗ ಆಫೀಸಿನವರ ಊಟ. ಎರಡು ಬಗೆ ಅಡುಗೆ, ಬ್ರೆಡ್ಡು, ಕುಡಿಯೋಕೆ ಏನಾದ್ರೂ. ಸಿಹಿಯ ಪಟ್ಟಿ ಎಷ್ಟೋ ಕಡೆ ಬರೆದೇ ಇರಲ್ಲ. ಮಾಣಿ ಎಂಜಲು ತಟ್ಟೆ ಎತ್ತುತ್ತಾ ಒಂದೇ ಉಸಿರಲ್ಲಿ ಒದರ್ತಾನೆ: ಫ್ಲಾನ್, ನತೀಯಾಸ್, ಕ್ವಹಾದಾ, ಅರ್ರೋತ್ ಕೋನ್ ಲೇಚೆ, ಹಣ್ಣು. ನಮ್ಮ ದರ್ಶಿನಿಯವರು ‘ಇಡ್ಲಿ ವಡೆ ದೋಸೆ’ ಅನ್ನೋ ಧಾಟಿ. ಹೊಸಬರ ಕಿವಿಗೆ ಬೀಳೋದು ಕೊನೇ ಹೆಸರು ಮಾತ್ರ. ಅದಕ್ಕೇ ಪರದೇಶದವರು ಅಷ್ಟೊಂದು ಹಣ್ಣು ತಿಂತಾರೆ ಅಂತ ನನ್ನ ಅನುಮಾನ.

ಅದೂ ಮುಗೀತು ಅನ್ಕೊಳ್ಳಿ, ಮುಂದಿನ ಪ್ರಶ್ನೆ: “ಪೋಸ್ತ್ರೆ ಒ ಕಫೆ?” ಆ ದರಕ್ಕೆ ಸಿಹಿ ಅಥವಾ ಕಾಫಿ, ಎರಡರಲ್ಲಿ ಒಂದು. ಚಿಕ್ಕಮಗಳೂರಿನವಳನ್ನ ಕೇಳೋ ಪ್ರಶ್ನೆನಾ ಇದು? ನಾನು ಎರಡನ್ನೂ ಹೇಳಿ ಮೇಲಿನ ದುಡ್ಡು ಕೊಡ್ತೀನಿ. ಮೊದಲು ಸಿಹಿ ಬರುತ್ತೆ, ಅದು ಖಾಲಿಯಾದ ಮೇಲೇ ಕಾಫಿ.

ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮತ್ತೆ ಒಬ್ರೇ. ಈರುಳ್ಳಿ ಬಿಡಿಸ್ತಾ, ತಲೆ ಎತ್ತದೆ, “ಅದಕ್ಕೆ ಮೊಟ್ಟೆ ಹಾಕ್ತಾರೇನೇ?” ಅಂದ್ರು. ಅಬ್ಬಾ! ಇದನ್ನ ಕೇಳಿ ಮಾರಾಯ್ರೆ. ಅಲ್ಲಿ ಕೇಳೋದು ಹೀಗೆ: “ಯೇಬಾ ವೇಬೋ?” ಫ್ಲಾನ್ ಅಂದ್ರೆ ಕ್ಯಾರಮೆಲ್ ಕಸ್ಟರ್ಡ್, ಅದಕ್ಕೆ ಮೊಟ್ಟೆ ಹಾಕ್ತಾರೆ. ನತೀಯಾಸ್ ಅನ್ನೋ ತೆಳು ಕಸ್ಟರ್ಡ್‌ಗೂ ಹಾಕ್ತಾರೆ. ಅರ್ರೋತ್ ಕೋನ್ ಲೇಚೆಗೆ ಸಾಮಾನ್ಯವಾಗಿ ಇಲ್ಲ. ಅಕ್ಕಿ, ಹಾಲು, ಸಕ್ಕರೆ, ನಿಂಬೆ ಸಿಪ್ಪೆ, ಚಕ್ಕೆ, ಅಷ್ಟೇ. ಏಲಕ್ಕಿ, ತುಪ್ಪ, ಗೋಡಂಬಿ ಒಂದೂ ಇಲ್ಲ. ತಣ್ಣಗೆ ಕೊಡ್ತಾರೆ, ಮೇಲೆ ಚಕ್ಕೆ ಪುಡಿ. ಅಸ್ತೂರಿಯಾಸ್ ಕಡೆ ಮೇಲೆ ಸಕ್ಕರೆ ಉದುರಿಸಿ ಕಾದ ಕಬ್ಬಿಣ ಒತ್ತಿ ಸುಡ್ತಾರೆ, ಚಮಚ ತಾಗಿದ್ರೆ ಟಕ್ ಅಂತ ಒಡೆಯುತ್ತೆ. “ಪಾಯಸ ತಿನ್ನೋಕೆ ಅಷ್ಟು ದೂರ ಹೋಗಬೇಕಿತ್ತಾ” ಅನ್ನೋರು ಈ ಟಕ್ ಅನ್ನೋದನ್ನ ಮನೇಲಿ ಮಾಡಿ ತೋರಿಸಲಿ.

ಇನ್ನೊಂದು ಮುಖ್ಯ ವಿಷಯ. ಕ್ರಿಸ್‌ಮಸ್ ಹೊತ್ತಿಗೆ ಪೋಲ್ವೊರೋನ್ ಅನ್ನೋ ಪುಡಿಪುಡಿ ಬಿಸ್ಕೆಟ್‌ನಂಥ ಸಿಹಿ ಎಲ್ಲ ಕಡೆ ಇಡ್ತಾರೆ. ನೋಡೋಕೆ ನಮ್ಮ ನಾನ್‌ಖಟಾಯ್, ಆದರೆ ಸಾಂಪ್ರದಾಯಿಕವಾಗಿ ಮಾಡೋದು ಹಂದಿ ಕೊಬ್ಬಲ್ಲಿ. ಸಸ್ಯಾಹಾರಿ ನೆಂಟರು ಸ್ಪ್ಯಾನಿಷ್ ಪರೀಕ್ಷೆ ಮಾಡೋದು ಬಿಟ್ಟು ಇದನ್ನ ಬರೆದಿಟ್ಕೊಳ್ಳಿ.

“ಇನ್ನೇನೋ ಅಂದ್ಯಲ್ಲ, ಕ್ವಹಾದಾ?” ಅಂದ್ರು ಅತ್ತೆ. ಕುರಿ ಹಾಲು ಹೆಪ್ಪಾಗಿಸಿ, ಜೇನು ಹಾಕಿ ಕೊಡ್ತಾರೆ ಅಂದೆ.

“ಹೆಪ್ಪು ಯಾವುದು?”

ಕುರಿಮರಿ ಹೊಟ್ಟೆಯಿಂದ ತೆಗೆದದ್ದು, ಹಳೇ ಪದ್ಧತಿಯಲ್ಲಾದ್ರೆ. ಅತ್ತೆ ಈರುಳ್ಳಿ ಕೆಳಗಿಟ್ರು. “ಆ ಹಣ್ಣು ಅಂದ್ಯಲ್ಲ, ಅದನ್ನ ಹೇಗೆ ಕೇಳೋದು ಹೇಳಿಕೊಡು.”