ಅಪ್ಪ, ಮಿಲೇನಿಯಂ ಫೋರ್ಸ್, ಕಾರ್ ಕೀ

ನಯಾಗರಾ, ಚಿಕಾಗೊ ಎಲ್ಲ ಅಪ್ಪಂಗೆ ತೋರಿಸಿದ್ದಾಯ್ತು, ಅದರ ಫೋಟೊ ಎಲ್ರ ಹತ್ರಾನೂ ಇರುತ್ತೆ, ಬಿಡಿ. ಹೇಳ್ಬೇಕಿರೋದು ಒಹಾಯೋದ ಸೀಡರ್ ಪಾಯಿಂಟ್ ಕಥೆ. ಕೊಲಂಬಸ್ಸಿಂದ ಎರಡು ಗಂಟೆ ಡ್ರೈವು, ಈರಿ ಸರೋವರದೊಳಕ್ಕೆ ಚಾಚ್ಕೊಂಡಿರೋ ನೆಲದ ಮೇಲೆ ಅಮ್ಯೂಸ್‌ಮೆಂಟ್ ಪಾರ್ಕು. ಜೂನ್ ಕೊನೆ ಬೇರೆ, ಕಂಬ, ಗೋಡೆ, ಬೆಂಚು ಎಲ್ಲ ಕಡೆ ಮೇಫ್ಲೈ ಅನ್ನೋ ಹುಳ ಮೆತ್ಕೊಂಡಿತ್ತು, ನಮ್ಮೂರಲ್ಲಿ ಮೊದಲ ಮಳೆಗೆ ಈಸಲು ಏಳುತ್ತಲ್ಲ, ಹಂಗೆ.

ಅಪ್ಪಂಗೆ ಅರವತ್ತಾರು. ಅವರನ್ನ ಬೆಂಚಲ್ಲಿ ಕೂರಿಸಿ ನಾನೊಬ್ನೇ ಮಿಲೇನಿಯಂ ಫೋರ್ಸ್ ಅನ್ನೋ ರೋಲರ್ ಕೋಸ್ಟರ್ ಹತ್ತಿ ಬರೋಣ ಅಂತಿದ್ದೆ. 2000ರಲ್ಲಿ ಶುರುವಾಗಿದ್ದು, 310 ಅಡಿ ಎತ್ತರ. ಅಪ್ಪ ಆ ನೀಲಿ ಹಳೀನ ಬುಡದಿಂದ ತುದಿವರ್ಗೂ ನೋಡಿ "ನಾನೂ ಬರ್ತೀನಿ" ಅಂದ್ರು. ಬಿಪಿ, ಹಾರ್ಟು, ಬೆನ್ನು ಯಾವ್ದೂ ತಕರಾರಿಲ್ಲ, ಏನಂತ ಬೇಡ ಅನ್ನೋದು.

ಕ್ಯೂಲಿ ಒಂದೂಕಾಲು ಗಂಟೆ.

"ಟಕ ಟಕ ಸದ್ದೇ ಇಲ್ವಲ್ಲೋ, ಚೈನ್ ಎಲ್ಲಿ?"

"ಚೈನಲ್ಲಪ್ಪ, ಕೇಬಲ್ಲು. ಅದ್ಕೇ ಅಷ್ಟು ಬೇಗ ಎಳ್ಕೊಂಡ್ ಹೋಗುತ್ತೆ."

"ಆಮೇಲೆ ಎಂಜಿನ್ನಾ?"

"ಎಂಜಿನ್ನೇ ಇಲ್ಲ. ಬಿದ್ದ ರಭಸಕ್ಕೇ ಪೂರ್ತಿ ಓಡುತ್ತೆ."

ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ದಪ್ಪಗಿರೋರು ಜಾಸ್ತಿ ಕೂತಿರೋ ಟ್ರೈನೇ ಹತ್ತೋಣ" ಅಂದ್ರು.

ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದೋರು, ತುದೀಲಿ ಆರಾಮಾಗಿ "ಎಂಥ ಕೆರೆ ಮಾರಾಯ, ದಡಾನೇ ಕಾಣಲ್ಲ" ಅಂತಿದ್ರು. ನಾನು ಕಣ್ಣೇ ಬಿಟ್ಟಿರ್ಲಿಲ್ಲ. 80 ಡಿಗ್ರಿ ಇಳಿಜಾರು, ಅಂದ್ರೆ ಹೆಚ್ಚೂಕಮ್ಮಿ ಗೋಡೆ, ಗಂಟೆಗೆ 150 ಕಿಲೋಮೀಟರು, ಸೀಟಿಂದ ಕುಂಡೆ ಎದ್ದಿದ್ದಷ್ಟೇ ಗೊತ್ತು, ಆಮೇಲೆ ಹಲ್ಲಿಗೆ ಟಪ್ ಅಂತ ಒಂದು ಮೇಫ್ಲೈ ಬಡೀತು. ಕಿರುಚೋದಿದ್ರೆ ಬಾಯಿ ಮುಚ್ಕೊಂಡು ಕಿರುಚಿ.

ಇಳಿದ್ರೆ ಜೇಬಲ್ಲಿ ಕಾರ್ ಕೀ ಇಲ್ಲ! ಜಿಪ್ ಇಲ್ದಿರೋ ಚಡ್ಡಿ ಹಾಕ್ಕೊಂಡು ಬಂದಿದ್ದು ನಾನೇ, ಯಾರನ್ನ ಬೈಯೋದು. ದಯವಿಟ್ಟು ಜಿಪ್ ಜೇಬಿನ ಪ್ಯಾಂಟ್ ಹಾಕಿ, ಇಲ್ಲಾಂದ್ರೆ ಲಾಕರಲ್ಲಿಡಿ, ಆ ದುಡ್ಡು ಉಳಿಸೋಕೆ ಹೋಗ್ಬೇಡಿ. ಮನೇಲಿದ್ದ ಇನ್ನೊಂದು ಕೀ ತರೋಕೆ ಫ್ರೆಂಡು ಕೊಲಂಬಸ್ಸಿಂದ ಹೊರಟ.

"ಎರಡು ಗಂಟೆ ಅಂದ್ಯಲ್ಲ," ಅಪ್ಪ ವಾಚ್ ನೋಡ್ಕೊಂಡ್ರು, "ಕ್ಯೂ ಒಂದೂಕಾಲು ಗಂಟೆ. ಹೋಗ್ಬರ್ತೀನಿ."

ಹೋಗೇಬಿಟ್ರು. ಇಲ್ಲಿ ಫ್ರೈಸ್ ಮೇಲೆ ವಿನೆಗರ್ ಸುರೀತಾರೆ, ಎಲ್ರೂ ಹೊಗಳ್ತಾರೆ, ನಂಗಂತೂ ಹಿಡಿಸ್ಲಿಲ್ಲ. ಅದನ್ನೇ ತಿಂತಾ, ಹುಳ ಕೊಡವ್ಕೊಂಡು, ಅಪ್ಪಂಗೆ ಅಂತ ನೋಡಿಟ್ಟಿದ್ದ ಬೆಂಚಲ್ಲಿ ಕೂತಿದ್ದೆ.