ಉಂಗುರಕ್ಕೆ ಸುತ್ತಿದ ದಾರ

21 ಜುಲೈ 2024, ಭಾನುವಾರ
ಆಲ್ದೂರು ಹತ್ತಿರ, ಚಿಕ್ಕಮಗಳೂರು ಜಿಲ್ಲೆ

ಅಮ್ಮನನ್ನು ಆಸ್ಪತ್ರೆಯಿಂದ ಕರೆತಂದು ಇವತ್ತಿಗೆ ಮೂರು ದಿನ. ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಬಚ್ಚಲೊಲೆ ಪಕ್ಕ ಕೂತು ಒಂದು ಲೋಟ ಗಂಜಿ ಪೂರ್ತಿ ಕುಡಿದಳು.

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ನಾಲ್ಕು ವರ್ಷ ಆಯ್ತು. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ತಪಾಸಣೆಗೆ ಹೋಗುತ್ತೇವೆ. ಗಡ್ಡೆ ಮತ್ತೆ ಬಂತಾ ಅನ್ನೋದೊಂದೇ ನಮ್ಮ ಚಿಂತೆಯಾಗಿತ್ತು.

ಎಂಟನೇ ತಾರೀಖು ರಾತ್ರಿ ಅಮ್ಮ ನನ್ನನ್ನು "ಅಕ್ಕಾ" ಅಂತ ಕರೆದಳು. ದೊಡ್ಡಮ್ಮ ತೀರಿಕೊಂಡು ಹನ್ನೊಂದು ವರ್ಷ. ನಿದ್ದೆಗಣ್ಣಲ್ಲಿ ಏನೋ ಅಂದಳು ಅಂದುಕೊಂಡೆ. ಥರ್ಮಾಮೀಟರ್ ಇಟ್ಟೆ, 98.4. ಜ್ವರ ಇಲ್ವಲ್ಲ ಅಂತ ಹೊದಿಸಿ ಮಲಗಿಸಿದೆ. ಬೆಳಿಗ್ಗೆ ನೋಡಿದರೆ ಏದುಸಿರು. ಕೈಕಾಲು ತಣ್ಣಗೆ. ರಾತ್ರಿಯಿಡೀ ಮೂತ್ರಕ್ಕೂ ಎದ್ದಿರಲಿಲ್ಲ. ಮೂತ್ರದ ಸೋಂಕು ರಕ್ತಕ್ಕೆ ಸೇರಿ ಸೆಪ್ಸಿಸ್ ಆಗಿತ್ತು, ಅಂದರೆ ಸೋಂಕಿಗೆ ಮೈ ತಾಳ ತಪ್ಪಿ ಅಂಗಾಂಗಗಳೇ ಕೆಡೋ, ಜೀವಕ್ಕೆ ಅಪಾಯದ ಸ್ಥಿತಿ. ಒಂಬತ್ತು ದಿನ ಆಸ್ಪತ್ರೆ.

ವಯಸ್ಸಾದವರಿಗೆ, ಮೈ ಸೋತವರಿಗೆ ಎಷ್ಟು ದೊಡ್ಡ ಸೋಂಕಾದರೂ ಕೆಲವು ಸಲ ಜ್ವರವೇ ಬರುವುದಿಲ್ಲ. ತಲೆ ಗೊಂದಲವಾಗೋದೇ ಮೊದಲ ಗುರುತಾಗಬಹುದು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ದಯವಿಟ್ಟು ಥರ್ಮಾಮೀಟರ್ ಒಂದನ್ನೇ ನಂಬಬೇಡಿ.

ಮನೆಗೆ ಕಳಿಸುವಾಗ ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು, "ಗಟ್ಟಿಯಾಗಿ ಹಿಡೀರಿ ಅಮ್ಮ" ಅಂದರು. ನಾಲ್ಕು ಮೀಟರ್ ನಡೆಸಿದರು, ಏಳು ಸೆಕೆಂಡ್ ಹಿಡಿಯಿತು. ಆಮೇಲೆ ನನ್ನ ಕಡೆ ತಿರುಗಿ, "ಕಾಯಿಲೆ ಬೀಳೋಕೆ ಮುಂಚೆ ಹೇಗಿದ್ದರು?" ಅಂತ ಕೇಳಿದರು. ತೂಕ ತಾನಾಗೇ ಇಳಿದಿತ್ತಾ, ಯಾವಾಗಲೂ ಸುಸ್ತಾ, ಹಿಡಿತ ಕಡಿಮೆಯಾಗಿತ್ತಾ, ನಡಿಗೆ ನಿಧಾನವಾಗಿತ್ತಾ, ಓಡಾಟ ನಿಂತಿತ್ತಾ. ಐದರಲ್ಲಿ ಮೂರಿದ್ದರೆ ಫ್ರೇಲ್ಟಿ ಅಂತಾರಂತೆ, ಅಂದರೆ ಮೈ ಒಳಗೊಳಗೇ ಸೊರಗಿ ಸಣ್ಣ ಪೆಟ್ಟನ್ನೂ ತಾಳಲಾರದ ಸ್ಥಿತಿ. ಕ್ಯಾನ್ಸರ್ ಹೋಗಿದೆ, ಆದರೆ ಕೀಮೋ ಮತ್ತು ವಯಸ್ಸು ಸೇರಿ ಮೈಯ ಕಸುವು ಕರಗಿದೆ, ಸಣ್ಣ ಸೋಂಕನ್ನೂ ತಡೆಯೋ ಶಕ್ತಿ ಇಲ್ಲ ಅಂದರು.

ಆಗ ನೆನಪಾಯ್ತು. ಯುಗಾದಿ ದಿನ ಅಮ್ಮನ ಉಂಗುರ ನೋಡಿದ್ದೆ. ಬೆರಳಿಂದ ಜಾರದ ಹಾಗೆ ಬಿಳಿ ದಾರ ಸುತ್ತಿಕೊಂಡಿದ್ದಳು. ಅರಿಶಿನ ಹತ್ತಿ ಹಳದಿಯಾಗಿತ್ತು ಆ ದಾರ. "ಸಣ್ಣಗಾಗಿದ್ದೀಯ ಅಮ್ಮ, ಒಳ್ಳೇದೇ ಆಯ್ತು" ಅಂದಿದ್ದೆ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೆ ನನ್ನನ್ನೇ ಕರೆಯುತ್ತಿದ್ದಳು. ಈ ಸಲ ಕಾಫಿ ಹೂ ಬಿಟ್ಟಾಗಲೂ ತೋಟಕ್ಕೆ ಇಳಿಯಲಿಲ್ಲ. ಎಲ್ಲಾ ಕಣ್ಣೆದುರೇ ಇತ್ತು. ವಯಸ್ಸಾಯ್ತು ಅಂತ ಸುಮ್ನೆ ಬಿಟ್ಟೆ. ಅದು ನನ್ನನ್ನು ಕೊರೆಯುತ್ತಿದೆ.

ಈಗ ದಿನಾ ಎರಡು ಮೊಟ್ಟೆ, ಮೊಳಕೆ ಕಾಳಿನ ಸಾರು. ಚೇತರಿಸಿಕೊಂಡ ಮೇಲೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ. ಫ್ಲೂದು ಪ್ರತಿ ವರ್ಷ ಹಾಕಿಸಬೇಕು. ಜೊತೆಗೆ ಕುರ್ಚಿಯಿಂದ ಕೈ ಊರದೆ ಏಳೋ ಅಭ್ಯಾಸ. ಅದೇ ಎಲ್ಲಕ್ಕಿಂತ ಕಷ್ಟ.

ಸಂಜೆ ಎದುರಿಗೆ ನಿಂತು ಎಣಿಸಿದೆ. ಎರಡು ಸಲ ಎದ್ದಳು. ಮೂರನೇ ಸಲಕ್ಕೆ ಕೈ ತಾನಾಗೇ ಕುರ್ಚಿಯ ತೋಳಿಗೆ ಹೋಯ್ತು.

"ಸಾಕು ಕಣೇ, ಮಿಕ್ಕಿದ್ದು ನಾಳೆ" ಅಂದಳು.